ಎರಡು ಸಲ ಕೊಡವಿ, ಅರ್ಧ ಹೆಜ್ಜೆ ಹಿಂದೆ

ನನ್ನ ಕೈಪಟ್ಟಿಯಲ್ಲಿ ಮೂವತ್ತೊಂದು ಬ್ಯಾಡ್ಜುಗಳಿದ್ದವು. ಯಂತ್ರಗಳ ಸಂಕೇತ ಓದುವುದಕ್ಕೆ ಒಂದು, ಫ್ರೆಂಚ್ ಮಾತಾಡುವುದಕ್ಕೆ ಒಂದು, ಗಾಯಕ್ಕೆ ಪಟ್ಟಿ ಕಟ್ಟುವುದಕ್ಕೆ ಒಂದು, ಬೇರೆಯವರು ಮಾತಾಡುವಾಗ ನಡುವೆ ಬಾಯಿ ಹಾಕದೆ ಕೇಳುವುದಕ್ಕೂ ಒಂದು. ಈ ಕೊನೆಯದು ನಿನಗೆ ಹೇಗೆ ಸಿಕ್ಕಿತು ಅಂತ ಚಿತ್ರದುರ್ಗದಲ್ಲಿರುವ ನನ್ನ ಅಕ್ಕ ಇವತ್ತಿಗೂ ಕೇಳುತ್ತಾಳೆ.

ಇದು 2041ರ ಮಾತು. ಆ ಹೊತ್ತಿಗೆ ಯುರೋಪಿನಲ್ಲಿ ಮಾರ್ಕ್ಸ್ ಕಾರ್ಡು ಹಿಡಿದು ಕೆಲಸ ಕೇಳುವ ಕಾಲ ಮುಗಿದಿತ್ತು. ಬ್ಯಾಡ್ಜ್ ಅಂದರೆ ಕೈಪಟ್ಟಿಯೊಳಗೆ ಕೂತ ಒಂದು ಪುಟ್ಟ ಸಾಕ್ಷಿ. ಇವರಿಗೆ ಈ ಕೆಲಸ ಬರುತ್ತದೆ, ಇಂಥವರಿಂದ ಕಲಿತರು, ಇಂಥ ದಿನ ಪರೀಕ್ಷೆಯಾಯಿತು, ಇಷ್ಟೇ ಅದರಲ್ಲಿರುವುದು. ಲಿಸ್ಬನ್ನಿನಲ್ಲಿ ಪಡೆದದ್ದು ಲಾಟ್ವಿಯಾದಲ್ಲಿಯೂ ನಡೆಯುತ್ತದೆ. ಎಲ್ಲಿ ಕಲಿತರೂ ಸರಿ, ಅಡುಗೆಮನೆಯಲ್ಲಿ ಕಲಿತರೂ ಸರಿ, ಕೈಗೆ ಬಂದರೆ ಸಾಕು ಎನ್ನುವುದು ಅದರ ಆಸೆ. ಒಳ್ಳೆಯ ಆಸೆಯೇ, ನಾನು ಅದನ್ನು ನಂಬಿಯೇ ಇಲ್ಲಿಗೆ ಬಂದವಳು.

ಸ್ಟ್ರಾಸ್‌ಬೂರ್ಗ್ ಎಂಬ ಫ್ರಾನ್ಸಿನ ಊರಿನ ನಮ್ಮ ಪರೀಕ್ಷಾ ಕೇಂದ್ರದಲ್ಲಿ ಕೈಕೆಲಸಗಳನ್ನು ಅಳೆಯುವ ಯಂತ್ರವಿತ್ತು. ಬೆರಳ ತುದಿಯಿಂದ ಭುಜ, ಎದೆಯವರೆಗೆ, ಸೊಂಟದಿಂದ ಪಾದದವರೆಗೆ ತೊಡುವ ತೆಳುವಾದ ಬಲೆ ಅದು. ಅದರ ಎಳೆಗಳು ಮೈಯ ಸ್ನಾಯುಗಳಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರ ಸಲ ಓದುತ್ತವೆ. ಕೈ ಏನು ಮಾಡಿತು ಎನ್ನುವುದರ ಜೊತೆಗೆ ಏನು ಮಾಡಲು ಹೊರಟಿತ್ತು ಎನ್ನುವುದೂ ಅದಕ್ಕೆ ತಿಳಿಯುತ್ತದೆ. ಓದಿದ್ದನ್ನೆಲ್ಲ ತೂಗಿ ಅಂಕ ಕೊಡುತ್ತಿದ್ದುದರಿಂದ ನಾನು ಅದನ್ನು ತಕ್ಕಡಿ ಎಂದು ಕರೆಯುತ್ತಿದ್ದೆ.

ಆ ತಕ್ಕಡಿಗೆ ಒಂದು ಪೊರಕೆ ಇತ್ತು. ಕೆಲಸಕ್ಕೆ ಬೇಡದ ಚಲನೆಗಳನ್ನು ಹೆಕ್ಕಿ, ಗುಡಿಸಿ, ಅಷ್ಟಕ್ಕೂ ಅಂಕ ಕಳೆಯುವ ಪ್ರೋಗ್ರಾಂ. ಒಳ್ಳೆಯ ಕೆಲಸಗಾರರ ಕೈ ಸುಮ್ಮನೆ ಅಲ್ಲಾಡುವುದಿಲ್ಲ ಎನ್ನುವುದು ಅದರ ಹಿಂದಿನ ವಾದ. ಪೊರಕೆಯನ್ನು ಬರೆದವಳು ನಾನೇ, ಭಾರ್ಗವಿ. ಅದಕ್ಕೆ ನನಗೆ ಮೂವತ್ತೊಂದನೆಯ ಬ್ಯಾಡ್ಜ್ ಸಿಕ್ಕಿತ್ತು.

ವಾರಿಜಕ್ಕ ನಮ್ಮಲ್ಲಿಗೆ ಬಂದದ್ದು ಡಿಸೆಂಬರಿನ ಒಂದು ಸೋಮವಾರ ಬೆಳಿಗ್ಗೆ. ಮಂಗಳೂರಿನ ಜೆಪ್ಪುವಿನ ಹೆಂಗಸು, ಐವತ್ತೇಳರ ಪ್ರಾಯ, ಸೀರೆಯ ಮೇಲೆ ಮಗಳ ದಪ್ಪ ಕೋಟು. ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಒಂದೇ ಕೆಲಸ ಮಾಡಿದ್ದರು. ಸುಟ್ಟ ಹಂಚನ್ನು ಬಡಿದು, ಸದ್ದು ಕೇಳಿ, ಬಿರುಕು ಬಿಟ್ಟದ್ದನ್ನು ಬೇರೆ ಇಡುವ ಕೆಲಸ. ಜೊತೆಗೆ ಮಗಳು ಪ್ರಣಮ್ಯ ಬಂದಿದ್ದಳು, ಅವಳ ಎದೆಗೆ ಕಟ್ಟಿದ ಜೋಳಿಗೆಯಲ್ಲಿ ಎರಡು ತಿಂಗಳ ಹೆಣ್ಣುಮಗು.

ಪ್ರಣಮ್ಯ ಈ ಊರಲ್ಲಿ ಟ್ರಾಮ್ ಓಡಿಸುತ್ತಾಳೆ. ಗಂಡ ಹಡಗಿನಲ್ಲಿ, ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲೆಯೇ. ಬಾಣಂತನಕ್ಕೆಂದು ಬಂದ ತಾಯಿಗೆ ನೆಂಟರ ಪರವಾನಗಿ ಮಾತ್ರ ಸಿಕ್ಕಿತ್ತು, ಅದು ಜನವರಿ ಹದಿನೈದಕ್ಕೆ ಮುಗಿಯುತ್ತಿತ್ತು. ಪ್ರಣಮ್ಯಳ ರಜೆಯೂ ಅದೇ ವಾರ ಮುಗಿಯುವುದಿತ್ತು. ನಾಡಿಗೆ ಬೇಕಾದ ಕೆಲಸಗಳ ಪಟ್ಟಿಯಲ್ಲಿರುವ ಯಾವುದಾದರೊಂದು ಬ್ಯಾಡ್ಜ್ ಸಿಕ್ಕಿದರೆ ವಾರಿಜಕ್ಕ ಇಲ್ಲೇ ಉಳಿದು ಕೆಲಸ ಮಾಡಬಹುದು. ಸಿಗದಿದ್ದರೆ ಅವರು ವಿಮಾನ ಹತ್ತಬೇಕು, ಮಗಳು ಟ್ರಾಮ್ ಬಿಡಬೇಕು.

"ಮಗಳ ಮನೆಯಲ್ಲಿ ಕೂತು ತಿನ್ಲಿಕ್ಕೆ ನಂಗೆ ಮನಸ್ಸಿಲ್ಲ ಮೇಡಂ" ಎಂದರು ವಾರಿಜಕ್ಕ. "ಅರ್ಧ ದಿನ ನಾನು ದುಡಿತೇನೆ, ಅರ್ಧ ದಿನ ಅವಳು. ಮಗು ಯಾರ ಕೈಯಲ್ಲಾದ್ರೂ ಇರ್ತದೆ. ಅಷ್ಟೇ ನಮ್ಮ ಲೆಕ್ಕಾಚಾರ."

ಅದೃಷ್ಟಕ್ಕೆ ಪಟ್ಟಿಯಲ್ಲಿ ಅವರ ಕೆಲಸವಿತ್ತು. ಹಿಂದಿನ ಬೇಸಿಗೆಯಲ್ಲಿ ನಮ್ಮ ಸುತ್ತಲಿನ ಆಲ್ಸೇಸ್ ಸೀಮೆಯ ಮೇಲೆ ಮುಷ್ಟಿಗಾತ್ರದ ಆಲಿಕಲ್ಲು ಸುರಿದು ಊರೂರುಗಳ ಮನೆಗಳ ಹಂಚಿನ ಮಾಡು ಹಾಳಾಗಿತ್ತು. ಹಳೆಯ ಮನೆಗಳಿಗೆ ಹಳೆಯ ಹಂಚನ್ನೇ ಹಾಕಬೇಕು ಎಂಬ ಕಾನೂನು ಇಲ್ಲಿಯದು. ಇಳಿಸಿದ ಲಕ್ಷಾಂತರ ಹಂಚುಗಳಲ್ಲಿ ಗಟ್ಟಿ ಯಾವುದು, ಒಳಗೇ ಸೀಳಿದ್ದು ಯಾವುದು ಎಂದು ಹೇಳಲು ಸ್ಕ್ಯಾನರಿಗೆ ಒಂದೊಂದಕ್ಕೂ ನಾಲ್ಕು ನಿಮಿಷ ಬೇಕಿತ್ತು. ಬಡಿದು ಹೇಳುವ ವಿದ್ಯೆ ಈ ಕಡೆ ಎಂದೋ ಸತ್ತುಹೋಗಿತ್ತು. ನಾಲ್ಕು ತಿಂಗಳಿನಿಂದ ಆ ಬ್ಯಾಡ್ಜನ್ನು ಕೇಳಿಕೊಂಡು ಬಂದವರು ಒಬ್ಬರೂ ಇರಲಿಲ್ಲ.

ಮೇಜಿನ ಮೇಲೆ ಇನ್ನೂರು ಹಂಚು ಜೋಡಿಸಿದೆವು. ಅದರಲ್ಲಿ ಹನ್ನೆರಡು ಬಿರುಕಿನವು, ಸ್ಕ್ಯಾನರ್ ಗುರುತಿಸಿದ್ದವು. ವಾರಿಜಕ್ಕ ಬಲೆ ತೊಟ್ಟು, ಸೆರಗು ಸಿಕ್ಕಿಸಿ, ಮೊದಲ ಹಂಚನ್ನು ಎತ್ತಿದರು. ಎರಡು ಸಲ ಅದನ್ನು ಕೆಳಮುಖವಾಗಿ ಕೊಡವಿದರು. ಎಡಗಾಲು ಅರ್ಧ ಹೆಜ್ಜೆ ಹಿಂದೆ ಹೋಯಿತು. ಹಂಚಿನ ನಡುವಿಗೆ ಒಮ್ಮೆ ಉಫ್ ಎಂದು ಊದಿದರು. ಆಮೇಲೆ ಬೆರಳ ಗೆಣ್ಣಿನಿಂದ ಒಂದು ಬಡಿತ, ಒಂದೇ. ಹಂಚು ಬಲಕ್ಕೆ ಹೋಯಿತು.

ಇನ್ನೂರೂ ಹೀಗೇ. ಕೊಡವು, ಕೊಡವು, ಹೆಜ್ಜೆ, ಉಫ್, ಟಣ್. ಲಯ ಎಲ್ಲಿಯೂ ಏರಿಲ್ಲ, ಇಳಿದಿಲ್ಲ. ಇಪ್ಪತ್ತೊಂದು ನಿಮಿಷದಲ್ಲಿ ಅವರು ಎಡಕ್ಕೆ ಇಟ್ಟದ್ದು ಹದಿಮೂರು.

"ಒಂದು ಜಾಸ್ತಿ ಆಯ್ತಲ್ಲ ವಾರಿಜಕ್ಕ" ಎಂದೆ ಮೆಲ್ಲಗೆ.

"ಜಾಸ್ತಿ ಅಲ್ಲ. ನಿಮ್ಮ ಮಿಷಿನಿಗೆ ಒಂದು ಕಡಿಮೆ" ಎಂದರು ಅವರು, ಕೈ ಒರೆಸಿಕೊಳ್ಳುತ್ತಾ.

ನಮ್ಮ ಕೇಂದ್ರದ ಮುಖ್ಯಸ್ಥೆ ಒಡೀಲ್ ಕ್ಲೈನ್, ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ಅರವತ್ತರ ಹೆಂಗಸು, ಹದಿಮೂರನೆಯದನ್ನು ದೊಡ್ಡ ಸ್ಕ್ಯಾನರಿಗೆ ಕೊಟ್ಟರು. ಮುಕ್ಕಾಲು ಗಂಟೆ ಕಳೆದ ಮೇಲೆ ಪರದೆಯಲ್ಲಿ ಕಂಡಿತು: ಮಾಡಿನ ಮರದ ರೀಪಿಗೆ ಸಿಕ್ಕಿಸುವ ಮೂಲೆಯ ಒಳಗೆ, ಕೂದಲಿಗಿಂತ ತೆಳ್ಳಗಿನ ಒಂದು ಸೀಳು. ಒಡೀಲ್ ಕನ್ನಡಕ ತೆಗೆದು ವಾರಿಜಕ್ಕನ ಗೆಣ್ಣನ್ನೇ ನೋಡಿದರು.

ಆದರೆ ತಕ್ಕಡಿ ಕೊಟ್ಟದ್ದು ಐವತ್ತನಾಲ್ಕು. ಬೇಕಾದದ್ದು ಎಪ್ಪತ್ತು. ಕಿವಿಗೆ ಪೂರ್ತಿ ಅಂಕ ಸಿಕ್ಕಿತ್ತು, ಬೆರಳಿಗೂ ಸಿಕ್ಕಿತ್ತು. ಉಳಿದದ್ದನ್ನೆಲ್ಲ ನನ್ನ ಪೊರಕೆ ಗುಡಿಸಿ ಹಾಕಿತ್ತು. ಪ್ರತಿ ಹಂಚಿಗೂ ನಾಲ್ಕು ವ್ಯರ್ಥ ಚಲನೆ, ಇನ್ನೂರು ಹಂಚಿಗೆ ಎಂಟುನೂರು.

ಎರಡನೆಯ ಪರೀಕ್ಷೆಗೆ ಅವಕಾಶವಿತ್ತು, ಜನವರಿ ಎಂಟಕ್ಕೆ. ಮೂರನೆಯದಿಲ್ಲ. ನಿಯಮದಲ್ಲಿ ಇನ್ನೊಂದು ಸಾಲೂ ಇತ್ತು. ಯಾವುದಾದರೂ ಚಲನೆಗೆ ಕೆಲಸಕ್ಕೆ ಸಂಬಂಧಪಟ್ಟ ಕಾರಣವನ್ನು ಮಾಡಿ ತೋರಿಸಿದರೆ ಅದಕ್ಕೆ ಅಂಕ ಕಳೆಯುವಂತಿಲ್ಲ. ಒಡೀಲ್ ಅದನ್ನು ಓದಿ ಹೇಳಿದಾಗ ನಾನು ವಾರಿಜಕ್ಕನ ಕಡೆ ತಿರುಗಿದೆ.

"ಯಾಕೆ ಕೊಡವುತ್ತೀರಿ?"

"ಹಾಗೇ ಮಾಡುದು ನಾವು."

"ಕಾಲು ಯಾಕೆ ಹಿಂದಕ್ಕೆ?"

"ಅದೂ ಹಾಗೇ."

ಅದನ್ನು ಬ್ಯಾಡ್ಜ್ ಮಂಜೂರು ಮಾಡುವ ಮಂಡಳಿಗೆ ಕಾರಣವೆಂದು ಬರೆದುಕೊಡುವುದು ಹೇಗೆ?

*

ಆ ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಕಲಿಸುತ್ತೇನೆ ಎಂದು ನಾನೇ ಹೇಳಿದ್ದೆ, ಮನಸ್ಸು ಚುಚ್ಚುತ್ತಿತ್ತು. ಐದನೆಯ ಮಹಡಿಯ ಎರಡು ಕೋಣೆಯ ಮನೆ. ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ ಕಾದಿದ್ದವು. ವಾಸನೆ ಹೊರಗೆ ಹೋಗದಿರಲೆಂದು ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದರು.

"ಅಮ್ಮ ಬಂದ ಮೇಲೆ ಮನೆಯಲ್ಲಿ ಎಂತದ್ದೂ ಗೆಣ್ಣಿನ ಪೆಟ್ಟು ತಿನ್ನದೆ ಉಳಿದಿಲ್ಲ" ಎಂದಳು ಪ್ರಣಮ್ಯ. "ಬ್ರೆಡ್ಡು, ಕುಂಬಳಕಾಯಿ, ಕಿಟಕಿ ಗಾಜು. ಬಾತ್‌ರೂಮಿನ ಟೈಲು ಮೂರು ಹಾಳು ಅಂತ ಮನೆ ಓನರಿಗೆ ಹೇಳ್ಬೇಕಂತೆ."

"ಮೂರಲ್ಲ, ನಾಲ್ಕು" ಎಂದರು ವಾರಿಜಕ್ಕ ಒಳಗಿನಿಂದ.

ಊಟದ ಮೇಲೆ ಪಿಂಗಾಣಿ ತಟ್ಟೆಗಳನ್ನು ಸಾಲಾಗಿಟ್ಟು ಅಭ್ಯಾಸ ಶುರು ಮಾಡಿದೆವು. ಎತ್ತಿ, ಬಡಿದು, ಇಡಬೇಕು. ಕೊಡವಬಾರದು, ಕಾಲು ಕದಲಬಾರದು, ಊದಬಾರದು. ಮೊದಲ ತಟ್ಟೆಗೇ ಕಾಲು ಹಿಂದೆ ಹೋಯಿತು. ಪ್ರಣಮ್ಯ ಅಮ್ಮನ ಪಾದವನ್ನು ತನ್ನ ಪಾದದಿಂದ ಒತ್ತಿ ಹಿಡಿದಳು. ಕಾಲು ನಿಂತಿತು, ಕೈ ಕೊಡವಿತು. ಕೈ ಹಿಡಿದರೆ ಊದು ಬಂತು. ನಾವು ಮೂವರೂ ನಕ್ಕೆವು, ಮಗು ಎದ್ದು ಅಳತೊಡಗಿತು.

ಒಂದು ಗಂಟೆಯ ಮೇಲೆ ಹಟ ಹಿಡಿದು ವಾರಿಜಕ್ಕ ಎಲ್ಲವನ್ನೂ ಬಿಟ್ಟರು. ಕಲ್ಲಿನಂತೆ ನಿಂತು ಬರೀ ಬಡಿದರು. ನಾನು ಕೇಂದ್ರದಿಂದ ತಂದಿದ್ದ ಹತ್ತು ಹಂಚುಗಳಲ್ಲಿ ಬಿರುಕಿನವು ಮೂರಿದ್ದವು. ಅವರು ಒಂದನ್ನಷ್ಟೇ ಹಿಡಿದರು, ಜೊತೆಗೆ ಎರಡು ಗಟ್ಟಿ ಹಂಚನ್ನು ಹಾಳೆಂದರು.

ಅವರ ಮುಖ ಬಾಡಿತು. ಕುರ್ಚಿಯಲ್ಲಿ ಕೂತು ಕೈಯನ್ನು ಮಡಿಲಲ್ಲಿಟ್ಟು ಸುಮ್ಮನೆ ನೋಡಿಕೊಂಡರು.

"ಕಿವಿ ತೆರೀಲಿಕ್ಕೇ ಇಲ್ಲ ಮಾರಾಯ್ತಿ. ಕೊಡವಿ, ಊದಿ, ಆಮೇಲೆ ಕಿವಿ ತೆರೀತದೆ. ಅದಿಲ್ಲದಿದ್ರೆ ನಂಗೆ ಎಂತದ್ದೂ ಕೇಳುದಿಲ್ಲ."

"ಯಾರು ಕಲಿಸಿದ್ದು ನಿಮಗೆ?"

"ಕಮಲಕ್ಕ ಅಂತ. ನಾನು ಸೇರುವಾಗ ಅವರಿಗೆ ಐವತ್ತು ದಾಟಿತ್ತು. ಕಲಿಸ್ಲಿಲ್ಲ ಅವರು, ಪಕ್ಕದಲ್ಲಿ ನಿಲ್ಲಿಸಿದ್ದು. ಒಂದು ವರ್ಷ ಅವರು ಮಾಡಿದ ಹಾಗೆ ಮಾಡಿದೆ, ಒಂದಿನ ಕೇಳಿತು. ಆಚೆ ಭಟ್ಟಿಯ ಸೆಕೆ, ಈಚೆ ಬಿಸಿಲು, ಮೈಯೆಲ್ಲ ಬೆವರು. ಅದರಲ್ಲೂ ಒಂದು ದಿನ ಅವರ ಕೈ ತಪ್ಪಲಿಲ್ಲ. ನಂಗೆ ಯಾವತ್ತೂ ಬೈದವರಲ್ಲ. ಕಾಲು ಹಿಂದೆ ಇಡ್ಲಿಕ್ಕೆ ಮರೆತ್ರೆ ಮಾತ್ರ ಗದರುದು. 'ಕಾಲಿನ ಮೇಲೆ ಬಿದ್ದೀತು' ಅಂತ."

"ಏನು ಬಿದ್ದೀತು?"

"ಅದನ್ನೇ ನಾನೂ ಕೇಳಿದ್ದು. 'ನಂಗೆಂತ ಗೊತ್ತು, ನಂಗೆ ಕಲಿಸಿದ ಬಾಗಿ ಅಕ್ಕ ಹೇಳಿದ್ದು' ಅಂದ್ರು."

"ಹಂಚು ಬಿದ್ದೀತು ಅಂತ ಇರಬಹುದಲ್ಲ?"

"ಹಂಚು ಕೈಯಲ್ಲಿ ಭದ್ರ ಉಂಟಲ್ವಾ. ಅದು ಯಾಕೆ ಬೀಳ್ತದೆ?" ವಾರಿಜಕ್ಕ ಎದ್ದು ಮಗುವನ್ನು ಎತ್ತಿಕೊಂಡು ಬೆನ್ನು ತಟ್ಟಿದರು. "ಈ ಮಗು ನನ್ನ ಗುರುತು ಹಿಡಿಲಿಕ್ಕೆ ಶುರು ಮಾಡಿದೆ. ನಾನು ಹೋದ್ರೆ ಇನ್ನು ಬರುವಾಗ ನಡೀತಾ ಇರ್ತದೋ ಎಂತದೋ."

ಪ್ರಣಮ್ಯ ತಟ್ಟೆಗಳನ್ನು ಎತ್ತಿಟ್ಟಳು. ನನ್ನ ಪೊರಕೆಯ ಮೇಲೆ ನನಗೆ ಮೊದಲ ಸಲ ಹೇಸಿಗೆ ಬಂತು.

*

ನಮ್ಮ ಕೇಂದ್ರದ ನೆಲಮಾಳಿಗೆಯಲ್ಲಿ ಇನ್ನೊಂದು ಯಂತ್ರವಿತ್ತು. ಒಡೀಲ್ ಹನ್ನೊಂದು ವರ್ಷ ಕೂತು ಕಟ್ಟಿದ್ದು, ಅದನ್ನು ಅವರು ಬೇರು ಎಂದೇ ಕರೆಯುತ್ತಿದ್ದರು. ಬ್ಯಾಡ್ಜ್ ಕೊಡಲು ಅದಕ್ಕೆ ಅಧಿಕಾರವಿರಲಿಲ್ಲ. ನಾವೆಲ್ಲ ಅದನ್ನು ಮುಖ್ಯಸ್ಥೆಯ ಆಟಿಕೆ ಎಂದು ಹಿಂದಿನಿಂದ ತಮಾಷೆ ಮಾಡುತ್ತಿದ್ದೆವು.

ಅದರ ಹಿಂದಿನ ಯೋಚನೆ ಸರಳ. ಒಂದು ಕೆಲಸಕ್ಕೆ ಬೇಕೇಬೇಕಾದ ಚಲನೆ ಎಲ್ಲರಲ್ಲೂ ಒಂದೇ, ಅದರಿಂದ ಯಾರ ಗುರುತೂ ಸಿಗುವುದಿಲ್ಲ. ಬೇಡದ ಚಲನೆಗಳು ಮಾತ್ರ ಗುರುವಿನಿಂದ ಬಂದವು. ಕಲಿಯುವವರು ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ತಿಳಿಯದೆ ಎಲ್ಲವನ್ನೂ ಹಾಗೆಯೇ ಎತ್ತಿಕೊಳ್ಳುತ್ತಾರೆ. ಪ್ರತಿ ಕೈ ದಾಟುವಾಗಲೂ ಅದು ಒಂದಿಷ್ಟೇ ಇಷ್ಟು ಬದಲಾಗುತ್ತದೆ. ಆ ಬದಲಾವಣೆಗಳನ್ನು ಎಣಿಸುತ್ತಾ ಹಿಂದೆ ಹೋದರೆ ಎಷ್ಟು ಕೈ ದಾಟಿ ಬಂದಿದೆ ಎಂದು ಹೇಳಬಹುದು. ನಾನು ಪೊರಕೆ ಬರೆದ ದಿನ ಒಡೀಲ್ ಜಗಳವಾಡಿರಲಿಲ್ಲ. "ನಿನ್ನ ಕಸದ ಬುಟ್ಟಿಯನ್ನು ಮಾತ್ರ ನನಗೆ ಕೊಡು" ಎಂದಿದ್ದರು. ಅಂದಿನಿಂದ ಪೊರಕೆ ಗುಡಿಸಿದ್ದೆಲ್ಲ ಪ್ರತಿ ಸಂಜೆ ನೆಲಮಾಳಿಗೆಗೆ ಹೋಗುತ್ತಿತ್ತು.

ಒಮ್ಮೆ ಪೋರ್ತೊ ಊರಿನ ಒಬ್ಬ ಬೇಕರಿಯವಳು ಹಿಟ್ಟು ನಾದುವಾಗ ಬೇರು ಹೇಳಿತ್ತು: ಇವಳಿಗಿಂತ ಮೂರು ಕೈ ಹಿಂದೆ ಒಬ್ಬರು ಎಡಗೈಯವರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮುತ್ತಜ್ಜಿ ಎಡಗೈಯವಳು ಎಂದು ಮನೆಯಲ್ಲಿ ಕೇಳಿದ್ದಳಂತೆ, ಫೋಟೋ ಸಹ ಇರಲಿಲ್ಲ. ಅವತ್ತು ನನಗೂ ಮೈ ಝುಂ ಎಂದಿತ್ತು. ಆದರೂ ಮೇಲೆ ಬಂದು ಪೊರಕೆಯ ಕೆಲಸ ಮುಂದುವರಿಸಿದ್ದೆ.

ಬೇರು ತಾನಾಗಿ ಹುಡುಕುವುದಿಲ್ಲ, ಕೇಳಬೇಕು. ಸೋಮವಾರ ಬೆಳಿಗ್ಗೆ ಒಡೀಲ್ ಜೊತೆ ಕೆಳಗಿಳಿದು, ವಾರಿಜಕ್ಕನ ಎಂಟುನೂರು ವ್ಯರ್ಥ ಚಲನೆಗಳನ್ನು ಅದಕ್ಕೆ ತೋರಿಸಿ, ಇಂಥದ್ದು ಇನ್ನೆಲ್ಲಾದರೂ ಇದೆಯೇ ಎಂದು ಕೇಳಿದೆ. ಮೂರು ವರ್ಷದಲ್ಲಿ ನಮ್ಮಲ್ಲಿಗೆ ಬಂದ ನಲವತ್ತು ಸಾವಿರ ಜನರ ಕಸ ಅದರ ಹೊಟ್ಟೆಯಲ್ಲಿತ್ತು.

ಕಪ್ಪು ಪರದೆಯ ಎಡಕ್ಕೆ ಒಂದು ಚುಕ್ಕೆ ಹೊತ್ತಿತು, ವಾರಿಜಕ್ಕ. ಅದರಿಂದ ಬಿಳಿಯ ಗೆರೆಯೊಂದು ಹಿಂದೆ ಹಿಂದೆ ಹೋಯಿತು. ಒಂದು ಕೈ, ಅದು ಕಮಲಕ್ಕನದೇ ಇರಬೇಕು. ಎರಡನೆಯದು ಬಾಗಿ ಅಕ್ಕನದು. ಮೂರು, ನಾಲ್ಕು. ಆಗ ಬಲಗಡೆ, ದೂರದಲ್ಲಿ, ಇನ್ನೊಂದು ಚುಕ್ಕೆ ಹೊತ್ತಿಕೊಂಡಿತು. ಅದರಿಂದಲೂ ಒಂದು ಗೆರೆ ಹೊರಟಿತು. ಎರಡೂ ಗೆರೆಗಳು ಒಂದರ ಕಡೆಗೊಂದು ವಾಲುತ್ತಾ ಹೋದವು. ವಾರಿಜಕ್ಕನ ಕಡೆಯಿಂದ ಏಳು ಕೈ, ಆ ಕಡೆಯಿಂದ ಐದು ಕೈ. ನೂರೆಂಬತ್ತು ವರ್ಷಗಳಷ್ಟು ಆಳದಲ್ಲಿ ಅವು ಒಂದೇ ಚುಕ್ಕೆಯಲ್ಲಿ ಕೂಡಿದವು.

ನಾನು ಕೂತಲ್ಲಿಂದ ಏಳಲಿಲ್ಲ. ಒಡೀಲ್ ಪರದೆಯ ಹತ್ತಿರ ಹೋಗಿ, ಆ ಕೂಡಿದ ಚುಕ್ಕೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಒಬ್ಬರು ಇದ್ದರು" ಎಂದರು. "ಅವರು ಹಂಚು ಕೊಡವಿ ಹೆಜ್ಜೆ ಹಿಂದಿಡುತ್ತಿದ್ದರು. ಅವರ ಹತ್ತಿರ ಕಲಿತ ಒಬ್ಬರು ಇಲ್ಲೇ ಉಳಿದರು, ಇನ್ನೊಬ್ಬರು ನಿಮ್ಮ ಕಡೆಗೆ ಹಡಗು ಹತ್ತಿದರು."

ಮಂಗಳೂರಿನ ಹಂಚಿನ ಕಾರ್ಖಾನೆ ಶುರುವಾದದ್ದು ಯುರೋಪಿನಿಂದ ಬಂದ ಮಿಷನ್ನಿನವರಿಂದ ಎಂದು ಶಾಲೆಯಲ್ಲಿ ಓದಿದ್ದೆ. ಓದಿ, ಪರೀಕ್ಷೆ ಬರೆದು, ಮರೆತಿದ್ದೆ. ಹಂಚಿನ ಅಚ್ಚು ಬಂದಿತ್ತು, ಯಂತ್ರ ಬಂದಿತ್ತು, ಅದು ಪುಸ್ತಕದಲ್ಲಿತ್ತು. ಒಬ್ಬ ಮನುಷ್ಯನ ಕಾಲು ಹಿಂದೆ ಸರಿಯುವ ರೀತಿಯೂ ಸಮುದ್ರ ದಾಟಿ ಬಂದು, ಹೆಂಗಸಿನಿಂದ ಹೆಂಗಸಿಗೆ ದಾಟಿ, ಈಗ ಕೋಟು ಹಾಕಿಕೊಂಡು ನಮ್ಮ ಬಾಗಿಲಿಗೆ ಮರಳಿದೆ ಎನ್ನುವುದನ್ನು ಯಾವ ಪುಸ್ತಕ ಬರೆದೀತು?

ಬಲಗಡೆಯ ಚುಕ್ಕೆಯ ಹೆಸರು ತೆರೆದೆ. ಏಮಿಲ್ ರೂಲ್ಮನ್, ಎಂಬತ್ತಾರು, ಅಂಚೆ ಇಲಾಖೆಯಿಂದ ನಿವೃತ್ತ, ಬೆಟ್ಟದ ಬುಡದ ಹಳ್ಳಿ. ಎರಡು ವರ್ಷದ ಹಿಂದೆ ಮಾಡಿಗೆ ಹಂಚು ಹೊದಿಸುವ ಬ್ಯಾಡ್ಜಿಗೆ ಬಂದಿದ್ದರು. ಪೊರಕೆ ಅವರನ್ನೂ ಗುಡಿಸಿತ್ತು, ಅರವತ್ತೊಂದು ಅಂಕ. ಎರಡನೆಯ ಸಲ ಬಂದಿರಲೇ ಇಲ್ಲ.

"ಇದನ್ನೇ ಮಂಡಳಿಗೆ ತೋರಿಸೋಣ" ಎಂದೆ.

ಒಡೀಲ್ ಬೇಡವೆಂದು ತಲೆಯಾಡಿಸಿದರು. "ಇದು ಎಲ್ಲಿಂದ ಬಂತು ಅಂತ ಹೇಳುತ್ತೆ, ಯಾಕೆ ಅಂತ ಹೇಳೋದಿಲ್ಲ. ಮಂಡಳಿ ಕೇಳೋದು ಯಾಕೆ ಅಂತ. ಆ ಮುದುಕರನ್ನ ಕೇಳು."

*

ಏಮಿಲ್ ಕ್ರಿಸ್‌ಮಸ್ಸಿಗೆ ತಂಗಿಯ ಮನೆಗೆ ಹೋದವರು ಜನವರಿ ಐದರ ತನಕ ಮರಳಲಿಲ್ಲ. ಆರನೆಯ ತಾರೀಕು ಬೆಳಿಗ್ಗೆ, ಪರೀಕ್ಷೆಗೆ ಇನ್ನೆರಡೇ ದಿನವಿರುವಾಗ, ನಾನೂ ವಾರಿಜಕ್ಕನೂ ರೈಲು ಹತ್ತಿದೆವು. ನಾನು ಬಲೆಯನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಸ್ಟ್ರಾಸ್‌ಬೂರ್ಗಿನಲ್ಲಿ ಆ ವರ್ಷ ಬರೀ ಚಳಿ, ಬರೀ ಮಂಜು ಮುಸುಕಿದ ಆಕಾಶ. ಇನ್ನರ್ಧ ಗಂಟೆಯ ದಾರಿ ಇರುವಾಗ ಕಿಟಕಿಯ ಹೊರಗೆ ಬೆಳ್ಳಗಿನ ತುಣುಕುಗಳು ಇಳಿಯತೊಡಗಿದವು.

"ಎಂತ ಇದು, ಹತ್ತಿಯಾ?" ಎಂದು ವಾರಿಜಕ್ಕ ಗಾಜಿಗೆ ಮೂಗು ತಾಗಿಸಿದರು.

"ಹಿಮ. ಈಗೀಗ ಪೇಟೆಯಲ್ಲಿ ಬೀಳೋದೇ ಇಲ್ಲ. ಬೆಟ್ಟದ ಕಡೆ ಮಾತ್ರ, ಅದೂ ವರ್ಷಕ್ಕೆ ನಾಲ್ಕು ದಿನ."

ಅವರು ಇಳಿಯುವವರೆಗೆ ಗಾಜಿನಿಂದ ಮೂಗು ತೆಗೆಯಲಿಲ್ಲ.

ಏಮಿಲ್ ಬಾಗಿಲಲ್ಲೇ ಕಾದಿದ್ದರು. ಉದ್ದ ದೇಹ, ಗಂಭೀರ ಮುಖ, ತಲೆಗೆ ಉಣ್ಣೆಯ ಟೋಪಿ. ಕಿವಿಗೆ ಸಿಕ್ಕಿಸುವ ಅನುವಾದಕಗಳನ್ನು ಮೂವರೂ ಹಾಕಿಕೊಂಡೆವು. ನಾನು ಮೊದಲು ಅವರಲ್ಲಿ ಕ್ಷಮೆ ಕೇಳಿದೆ, ನಿಮಗೆ ಅಂಕ ಕಳೆದ ಪ್ರೋಗ್ರಾಂ ನನ್ನದು ಎಂದೆ.

"ಅದು ಹೇಳಿದ್ದು ಸರಿ ಅಂತಲೇ ನಾನು ತಿಳಿದಿದ್ದೆ" ಎಂದರು ಅವರು. "ನಾನು ಯಾಕೆ ಕೊಡವುತ್ತೇನೆ ಅಂತ ನನಗೆ ಗೊತ್ತಿಲ್ಲ. ಅಪ್ಪ ಮಾಡು ಹೊದಿಸುತ್ತಿದ್ದ. ಬೇಸಿಗೆಯಲ್ಲಿ ಮಾತ್ರ ಆ ಕೆಲಸ. ಅವನು ಕೊಡವುತ್ತಿದ್ದ, ನಾನೂ ಕೊಡವಿದೆ. ತಾತ ಹಂಚಿನ ಅಂಗಳದಲ್ಲಿ ಬಡಿದು ನೋಡುವವನಾಗಿದ್ದನಂತೆ. ಸದ್ದು ಕೇಳುವ ವಿದ್ಯೆ ಅವನ ಜೊತೆಗೇ ಹೋಯಿತು. ನನಗೆ ಎಲ್ಲ ಹಂಚೂ ಒಂದೇ ಥರ ಕೇಳಿಸುತ್ತೆ."

ಅಷ್ಟು ದೂರ ಬಂದು ಸಿಕ್ಕಿದ್ದು ಇಷ್ಟೇ. ನನಗೆ ಅಳು ಬರುವಂತಾಯಿತು. ವಾರಿಜಕ್ಕ ಮಾತ್ರ ಕಾಫಿ ಕುಡಿದು ಮುಗಿಸಿ, "ಹಂಚು ಇಲ್ಲಿ ಉಂಟಾ? ಬಂದದ್ದಕ್ಕೆ ಒಂದು ಸಲ ನೋಡುವ" ಎಂದರು. ಅಭ್ಯಾಸಕ್ಕೆ ಅಷ್ಟಾದರೂ ಆಗಲಿ ಎಂದು ನಾನು ಅವರಿಗೆ ಬಲೆ ತೊಡಿಸಿದೆ.

ಮನೆಯ ಹಿಂದೆ ಅಂಗಳವಿತ್ತು. ಆಲಿಕಲ್ಲಿನ ದಿನ ಇಳಿಸಿದ ಹಂಚುಗಳನ್ನು ಏಮಿಲ್ ಗೋಡೆಗೆ ಒತ್ತಾಗಿ, ಸೊಂಟದ ಎತ್ತರಕ್ಕೆ ಪೇರಿಸಿಟ್ಟಿದ್ದರು. ಬೆಳಗಿನಿಂದ ಸುರಿದ ಹಿಮ ಅವುಗಳ ಮೇಲೆ ಒಂದು ಗೇಣು ಕೂತಿತ್ತು. ವಾರಿಜಕ್ಕ ಪೇರಿಯ ಮುಂದೆ ನಿಂತು, ಇಪ್ಪತ್ತೆಂಟು ವರ್ಷ ನಿಂತಂತೆಯೇ ನಿಂತು, ಮೇಲಿನ ಹಂಚಿಗೆ ಕೈ ಹಾಕಿ ಎತ್ತಿದರು.

ಎರಡು ಸಲ ಕೊಡವಿದರು. ಹಂಚಿನ ಮೇಲಿದ್ದ ಹಿಮ ಒಂದೇ ಗಡ್ಡೆಯಾಗಿ ಜಾರಿ ಕೆಳಗೆ ಬಿತ್ತು.

ಅದು ಬಿದ್ದ ಜಾಗದಲ್ಲಿ ಅರೆಕ್ಷಣದ ಹಿಂದೆ ಅವರ ಎಡಗಾಲು ಇತ್ತು. ಈಗ ಅದು ಅರ್ಧ ಹೆಜ್ಜೆ ಹಿಂದೆ ಇತ್ತು.

ಅವರು ನಿಲ್ಲಲಿಲ್ಲ, ಕೈಗೆ ನಿಲ್ಲುವುದು ಗೊತ್ತಿರಲಿಲ್ಲ. ಹಂಚಿನ ನಡುವೆ ಉಳಿದಿದ್ದ ಬಿಳಿ ಪುಡಿಗೆ ಉಫ್ ಎಂದರು, ಅದು ಹಾರಿ ಕೆಂಪು ಮಣ್ಣು ಕಂಡಿತು, ಸರಿಯಾಗಿ ಗೆಣ್ಣು ತಾಗುವಷ್ಟು ಜಾಗ. ಬಡಿದರು. ಟಣ್ ಎನ್ನುವ ಸದ್ದು ಅಂಗಳದಲ್ಲಿ ತುಂಬಿ, ಹಿಮದಲ್ಲಿ ಇಂಗಿಹೋಯಿತು.

ಏಮಿಲ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದರು. ವಾರಿಜಕ್ಕ ಹಂಚನ್ನು ಕೈಯಲ್ಲಿ ಹಿಡಿದೇ, ತಮ್ಮ ಪಾದದ ಮುಂದೆ ಬಿದ್ದಿದ್ದ ಆ ಸಣ್ಣ ಬಿಳಿ ಗುಡ್ಡೆಯನ್ನು ನೋಡುತ್ತಿದ್ದರು.

"ಇದು" ಎಂದರು ಕೊನೆಗೆ. "ಕಾಲಿನ ಮೇಲೆ ಬೀಳುದು ಇದು."

ಅವರು ಕಾಲಿನ ತುದಿಯಿಂದ ಹಿಮವನ್ನು ಮುಟ್ಟಿ ನೋಡಿದರು. "ಕಮಲಕ್ಕ ಇದನ್ನು ನೋಡಿದವರಲ್ಲ. ಬಾಗಿ ಅಕ್ಕನೂ ನೋಡಿದವರಲ್ಲ. ಭಟ್ಟಿಯ ಬುಡದಲ್ಲಿ ಬೆವರು ಒರೆಸ್ಕೊಂಡು ನಾವೆಲ್ಲ ಹಿಮ ಕೊಡವಿದ್ದಾ ಇಷ್ಟು ವರ್ಷ? ಬರಿಗಾಲು ತಣ್ಣಗಾಗ್ತದೆ ಅಂತ ಕಾಲು ಹಿಂದೆ ಇಟ್ಟದ್ದಾ?"

ನಾನು ಅವರ ಭುಜ ಹಿಡಿದುಕೊಂಡೆ. ನಾನೂ ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇಕೆ? ಇಲ್ಲಿ ಚಳಿಗಾಲದ ಅಂಗಳದಲ್ಲಿ ಹೆಸರು ಗೊತ್ತಿಲ್ಲದ ಒಬ್ಬರು ತಮ್ಮ ಕಾಲನ್ನು ಕಾಪಾಡಿಕೊಂಡಿದ್ದರು. ಆ ಕಾಳಜಿಯನ್ನು ಹಿಮವೇ ಇಲ್ಲದ ನಾಡಿನಲ್ಲಿ, ಕಾರಣ ಕಳೆದುಹೋದ ಮೇಲೂ, ಒಬ್ಬರು ಇನ್ನೊಬ್ಬರಿಗೆ ಗದರಿ ಗದರಿ ಉಳಿಸಿಕೊಂಡು ಬಂದಿದ್ದರು. ಅದನ್ನು ನಾನು ಕಸ ಎಂದಿದ್ದೆ.

ಮೊದಲು ಎಚ್ಚೆತ್ತವರು ವಾರಿಜಕ್ಕನೇ. ಮುಖ ಒರೆಸಿಕೊಂಡು, ಪಕ್ಕದ ಪೇರಿಯಿಂದ ಇನ್ನೊಂದು ಹಂಚನ್ನು ಎತ್ತಿ, ಕೊಡವದೆ, ಹಿಮದ ಮೇಲೆಯೇ ಬಡಿದರು. ಡಬ್ ಎಂದಿತು. ಅದನ್ನೇ ಕೊಡವಿ, ಊದಿ, ಬಡಿದರು. ಟಣ್ ಎಂದಿತು.

"ನೋಡಿ, ಹಿಮ ಇದ್ರೆ ಎಲ್ಲ ಹಂಚೂ ಹಾಳಾದ ಹಾಗೇ ಕೇಳ್ತದೆ. ಗಟ್ಟಿದನ್ನೂ ಬಿಸಾಡ್ಬೇಕಾದೀತು" ಎಂದರು. "ನಿಮ್ಮ ಮಂಡಳಿಗೆ ಕಾರಣ ಬೇಕಿತ್ತಲ್ವಾ. ಬರ್ಕೊಳ್ಳಿ."

ಬಲೆ ಎಲ್ಲವನ್ನೂ ಬರೆದುಕೊಂಡಿತ್ತು.

*

ಆ ದಾಖಲೆಯನ್ನು ಮಂಡಳಿ ಒಪ್ಪಿತು, ಎಂಟರಂದು ಪರೀಕ್ಷೆ ನಡೆಯಿತು. ಕಾರಣ ಮಾಡಿ ತೋರಿಸಿದ ಚಲನೆಗಳಿಗೆ ಅಂಕ ಕಳೆಯುವಂತಿರಲಿಲ್ಲ, ಕಳೆಯಲಿಲ್ಲ. ತೊಂಬತ್ತೆಂಟು ಬಂತು. ಆ ಎರಡು ಯಾಕೆ ಹೋಯಿತೆಂದು ವಾರಿಜಕ್ಕ ಕೇಳಿದರು. ನಡುವೆ ಒಮ್ಮೆ ಮಗು ಅತ್ತಾಗ ತಿರುಗಿ ನೋಡಿದ್ದಿರಿ ಎಂದೆ.

ಬ್ಯಾಡ್ಜಿನಲ್ಲಿ 'ಕಲಿಸಿದವರು' ಎಂಬ ಜಾಗದಲ್ಲಿ ಯಾವುದಾದರೂ ಸಂಸ್ಥೆಯ ಹೆಸರು ಬರೆಯುವುದು ರೂಢಿ. ವಾರಿಜಕ್ಕ ಒಪ್ಪಲಿಲ್ಲ. ಒಡೀಲ್ ಎರಡು ದಿನ ಮಂಡಳಿಯ ಜೊತೆ ಹಗ್ಗಜಗ್ಗಾಟ ನಡೆಸಿದರು. ಈಗ ಲಿಸ್ಬನ್ನಿನಿಂದ ಲಾಟ್ವಿಯಾದವರೆಗೆ ಯಾರು ಆ ಬ್ಯಾಡ್ಜನ್ನು ತೆರೆದರೂ ಅಲ್ಲಿ ಕಾಣುತ್ತದೆ: ಕಮಲ, ಜೆಪ್ಪು. ಅದರ ಹಿಂದೆ ಬಾಗಿ, ಜೆಪ್ಪು. ಅದರ ಹಿಂದೆ ಐದು ಖಾಲಿ ಸಾಲುಗಳಿವೆ, ಹೆಸರು ತಿಳಿಯದ ಕೈಗಳಿಗೆಂದು. ಪೊರಕೆಯನ್ನು ನಾನು ಅದೇ ವಾರ ತಕ್ಕಡಿಯಿಂದ ಕಿತ್ತೆ. ಮೂವತ್ತೊಂದನೆಯ ಬ್ಯಾಡ್ಜನ್ನೂ ಮರಳಿಸಿದೆ, ಒಂದಾದರೂ ಕಡಿಮೆಯಾಯಿತಲ್ಲ ಎಂದು ಚಿತ್ರದುರ್ಗದ ಅಕ್ಕನಿಗೆ ಬಹಳ ಸಂತೋಷವಾಯಿತು.

ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಏಮಿಲ್‌ರ ಅಂಗಳಕ್ಕೆ ಹೋಗಿದ್ದೆ. ಅಲ್ಲೀಗ ವಾರಿಜಕ್ಕ ಆರು ಜನರಿಗೆ ಕಲಿಸುತ್ತಾರೆ, ಕೊನೆಯ ಸಾಲಿನಲ್ಲಿ ಏಮಿಲ್ ಕೂಡ ನಿಲ್ಲುತ್ತಾರೆ. ಬಿಸಿಲು ಧಗಧಗ ಎನ್ನುತ್ತಿತ್ತು, ಎಲ್ಲರ ಬೆನ್ನೂ ಬೆವರಿ ಒದ್ದೆ. ಲೆಯಾ ಎಂಬ ಇಪ್ಪತ್ತರ ಹುಡುಗಿ ಅಂದೇ ಹೊಸದಾಗಿ ಸೇರಿದವಳು. ಹಂಚು ಎತ್ತಿ, ಎರಡು ಸಲ ಕೊಡವಿ, ನಿಂತಲ್ಲೇ ನಿಂತಳು.

"ಕಾಲು ಹಿಂದೆ ಇಡು" ಎಂದು ಗದರಿದರು ವಾರಿಜಕ್ಕ.

"ಯಾಕೆ?"

ವಾರಿಜಕ್ಕ ಒಮ್ಮೆ ನನ್ನ ಕಡೆ ನೋಡಿದರು, ಏಮಿಲ್ ಕಡೆ ನೋಡಿದರು. ಹೇಳಬಹುದಿತ್ತು, ಹೇಳಲಿಲ್ಲ.

"ಕಾಲಿನ ಮೇಲೆ ಬಿದ್ದೀತು" ಎಂದರು.

ಲೆಯಾ ತನ್ನ ಪಾದವನ್ನು ನೋಡಿಕೊಂಡಳು, ಒಣಗಿದ ಅಂಗಳವನ್ನು ನೋಡಿದಳು, ಮೋಡವಿಲ್ಲದ ಆಕಾಶವನ್ನೊಮ್ಮೆ ನೋಡಿದಳು. ಆಮೇಲೆ ಎಡಗಾಲನ್ನು ಅರ್ಧ ಹೆಜ್ಜೆ ಹಿಂದೆ ಇಟ್ಟಳು.